ಮೊದಲು ಅರ, ಆಮೇಲೆ ಯಂತ್ರ

ನಮ್ಮ ಕನ್ನಡ ಸಂಘದಲ್ಲಿ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯವರು ಸಾಕಷ್ಟು ಜನ ಇದ್ದೇವೆ. ಊರಿನಿಂದ ನಮಗೆ ಬರೋ ಪ್ರಶ್ನೆಗಳೂ ಒಂದೇ ಥರ: "ಇಂಜಿನಿಯರಿಂಗ್ ಓದ್ತಿದ್ದೀರಲ್ಲ, ಈ ಮೋಟರ್ ತಗೋಬಹುದಾ? ಈ ಇನ್ವರ್ಟರ್ ಒಳ್ಳೇದಾ?" ಈ ಸಲ ಬಂದ ಪ್ರಶ್ನೆ ಮಾತ್ರ ನಮ್ಮನ್ನು ಒಂದು ವಾರ ಚರ್ಚೆಗೆ ಕೂರಿಸಿತು. ನಮ್ಮಲ್ಲೊಬ್ಬರ ಅಣ್ಣ, ನ್ಯಾಮತಿಯವರು, ಬೀಗದ ಕೈ ಮಾಡೋ ಕೆಲಸ ಶುರು ಮಾಡಬೇಕು ಅಂತಿದ್ದಾರೆ. ಯಾರೋ ಬಳಸಿ ಬಿಟ್ಟ ಕೀ ಕಟಿಂಗ್ ಯಂತ್ರವೊಂದು 12,000 ರೂಪಾಯಿಗೆ ಸಿಗ್ತಾ ಇದೆ. ಕೊಳ್ಳಬೇಕೋ, ಬೇಡವೋ?

ಮೋಟರ್ ಎಷ್ಟು ವ್ಯಾಟ್, ಬೇರಿಂಗ್ ಹೇಗಿದೆ ಅಂತ ಮಾತು ಶುರುವಾಯ್ತು. ಆದರೆ ಮಾತಾಡ್ತಾ ಹೋದಂತೆ ಅದು ಎರಡನೇ ಪ್ರಶ್ನೆ ಅಂತ ಅನ್ನಿಸಿತು. ಮೊದಲನೇ ಪ್ರಶ್ನೆ ಬೇರೆ: ಬೀಗದವನ ಹತ್ತಿರ ಜನ ಬರೋದು ಯಾಕೆ? ಅದಕ್ಕೆ ಉತ್ತರ ಸಿಕ್ಕರೆ ಯಂತ್ರದ ಪ್ರಶ್ನೆ ಅರ್ಧ ಮುಗಿದ ಹಾಗೆ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡ್ತೀವಿ. ಯಂತ್ರ ಕೊಳ್ಳಬಹುದು, ಹಳೇದನ್ನೇ ಕೊಳ್ಳಬಹುದು. ಆದರೆ ಕೈಯಲ್ಲಿ ಅರ ಹಿಡಿದು ಒಂದು ಬೀಗದ ಕೈ ಮಾಡಲು ಬಾರದವರು ಅದನ್ನು ಕೊಳ್ಳಬಾರದು.

ಯಾಕೆ ಅಂತ ಹೇಳಬೇಕಾದರೆ ಆ ಯಂತ್ರ ಏನು ಮಾಡುತ್ತೆ ಅನ್ನೋದನ್ನು ಸ್ವಲ್ಪ ನೋಡೋಣ. ಸಾಧಾರಣ ಕೀ ಕಟಿಂಗ್ ಯಂತ್ರದಲ್ಲಿ ಎರಡು ಪುಟ್ಟ ವೈಸ್‌ಗಳು ಒಂದೇ ಗಾಡಿಯ ಮೇಲೆ ಅಕ್ಕಪಕ್ಕ ಕೂತಿರುತ್ತವೆ. ಒಂದರಲ್ಲಿ ನಿಮ್ಮ ಹಳೇ ಕೀ, ಇನ್ನೊಂದರಲ್ಲಿ ಹಲ್ಲಿಲ್ಲದ ಖಾಲಿ ಕೀ, ಅಂದರೆ ಬ್ಲ್ಯಾಂಕ್. ಹಳೇ ಕೀಯ ಎದುರು ಒಂದು ಚೂಪು ಮೊನೆ, ಬ್ಲ್ಯಾಂಕಿನ ಎದುರು ತಿರುಗೋ ಕಟರ್ ಚಕ್ರ. ಗಾಡಿಯನ್ನು ಸರಿಸಿದಾಗ ಮೊನೆ ಹಳೇ ಕೀಯ ಏರಿಳಿತವನ್ನು ಸವರಿಕೊಂಡು ಹೋಗುತ್ತೆ, ಎರಡೂ ಒಂದೇ ಗಾಡಿಯಲ್ಲಿ ಇರೋದರಿಂದ ಕಟರ್ ಅದೇ ಏರಿಳಿತವನ್ನು ಬ್ಲ್ಯಾಂಕಿನಲ್ಲಿ ಕೆತ್ತುತ್ತೆ. ಅಷ್ಟೇ. ಕಂಪ್ಯೂಟರ್ ಇಲ್ಲ, ಬುದ್ಧಿಯಿಲ್ಲ. ಮನೆಯ ಮಿಕ್ಸರ್ ಎಳೆಯುವಷ್ಟು ಕರೆಂಟೂ ಬೇಡ.

ಅಂದರೆ ಆ ಯಂತ್ರ ಬರೀ ನಕಲುಗಾರ. ಎದುರಿಗೆ ಅಸಲು ಇದ್ದರೆ ಮಾತ್ರ ಅದಕ್ಕೆ ಕೆಲಸ.

ಈಗ ನಮ್ಮ ಊರುಗಳನ್ನೇ ನೆನೆಸಿಕೊಳ್ಳಿ. ಬೀಗದವನನ್ನು ಹುಡುಕಿಕೊಂಡು ಹೋಗೋದು ಯಾವಾಗ? ಎರಡನೇ ಕೀ ಮಾಡಿಸಬೇಕು ಅಂತ ಮುಂಜಾಗ್ರತೆಯಿಂದ ಹೋಗುವವರು ಕಡಿಮೆ. ಸಂತೆಯಲ್ಲಿ ಬೈಕಿನ ಕೀ ಬಿದ್ದುಹೋದಾಗ ಹೋಗ್ತೀವಿ. ಅಜ್ಜಿಯ ಬೀರುವಿನ ಕೀ ಯಾವ ಡಬ್ಬಿಯಲ್ಲಿದೆ ಅಂತ ಗೊತ್ತಾಗದೆ, ಮದುವೆ ಹಿಂದಿನ ದಿನ ಹೋಗ್ತೀವಿ. ಪಂಪ್‌ಸೆಟ್ ಮನೆಯ ಬೀಗ ಮಳೆಗೆ ತುಕ್ಕು ಹಿಡಿದಾಗ, ಅಂಗಡಿ ಶಟರ್ ಬೀಗದೊಳಗೇ ಕೀ ಮುರಿದಾಗ ಹೋಗ್ತೀವಿ. ಇಷ್ಟರಲ್ಲಿ ಯಾವ ಕೆಲಸದಲ್ಲೂ ಅಸಲು ಕೀ ಕೈಯಲ್ಲಿಲ್ಲ. 12,000 ರೂಪಾಯಿಯ ಯಂತ್ರ ಅಲ್ಲಿ ಸುಮ್ಮನೆ ಕೂತಿರುತ್ತೆ.

ಅಲ್ಲಿ ಕೆಲಸ ಮಾಡೋದು ಕೈ. ಪೇಟೆಗಳಲ್ಲಿ ದೊಡ್ಡ ತಗಡಿನ ಕೀ ತೂಗುಹಾಕಿಕೊಂಡು, ಬ್ಲ್ಯಾಂಕುಗಳ ಗೊಂಚಲು ಹರಡಿಕೊಂಡು ಫುಟ್‌ಪಾತ್ ಮೇಲೆ ಕೂತವರನ್ನು ನೋಡಿದ್ದೀರಲ್ಲ, ಅವರು ಮಾಡೋದನ್ನು ಗಮನವಿಟ್ಟು ನೋಡಿ. ಬೀಗದ ತೂತಿಗೆ ಹೊಂದೋ ಬ್ಲ್ಯಾಂಕ್ ಆರಿಸ್ತಾರೆ. ಅದನ್ನು ಒಳಗೆ ಹಾಕಿ ಮೆಲ್ಲಗೆ ಒತ್ತಿ ತಿರುಗಿಸಿ ಹೊರತೆಗೆದು ಬೆಳಕಿಗೆ ಹಿಡೀತಾರೆ. ಒಳಗಿನ ಭಾಗ ತಾಗಿದ ಕಡೆ ಬ್ಲ್ಯಾಂಕಿನ ಮೇಲೆ ಸಣ್ಣ ಗುರುತು ಬಿದ್ದಿರುತ್ತೆ. ಅಲ್ಲಿ ಅರದಿಂದ ಎರಡು ಸಲ ಉಜ್ಜಿ ಮತ್ತೆ ಹಾಕಿ ನೋಡ್ತಾರೆ. ಹೀಗೇ ಬೀಗದ ಮಾತನ್ನು ಕೇಳಿಕೊಂಡು ಕೀ ಬರೆಯುವ ವಿದ್ಯೆ ಅದು. ಕನ್ನಡದಲ್ಲಿ ಇದನ್ನು 'ಬೀಗದ ಕೈ' ಅಂತ ಕರೆಯೋದು ಎಷ್ಟು ಸರಿ ಅಲ್ವಾ!

ಈ ವಿದ್ಯೆ ಇದ್ದವನಿಗೆ ಯಂತ್ರ ಸಿಕ್ಕರೆ ಅವನ ಸಮಯ ಉಳಿಯುತ್ತೆ. ಇಲ್ಲದವನಿಗೆ ಸಿಕ್ಕರೆ, ಬಂದ ಗಿರಾಕಿಗಳಲ್ಲಿ ಎಷ್ಟೋ ಜನರನ್ನು "ಹಳೇ ಕೀ ತಗೊಂಡು ಬನ್ನಿ" ಅಂತ ವಾಪಸ್ ಕಳಿಸಬೇಕಾಗುತ್ತೆ. ಹಳೇ ಕೀ ಇದ್ದಿದ್ದರೆ ಅವರು ಯಾಕೆ ಬರ್ತಿದ್ರು?

ಇನ್ನೊಂದು ಮಾತು ಬೀಗದ ಜಾತಿಯದು. ಪಿನ್ ಇರೋ ಸಿಲಿಂಡರ್ ಬೀಗವನ್ನು ಇವತ್ತಿನ ರೂಪಕ್ಕೆ ತಂದವರು ಅಮೆರಿಕದ ಲೈನಸ್ ಯೇಲ್ ಜೂನಿಯರ್, 1860ರ ದಶಕದಲ್ಲಿ. ಬೆಟ್ಟಸಾಲಿನಂತೆ ಹಲ್ಲುಹಲ್ಲಾಗಿರೋ ಕೀ ಅಂದರೆ ಬಹುಮಟ್ಟಿಗೆ ಈ ಜಾತಿಯದ್ದು. ಸಾದಾ ಯಂತ್ರ ಚೆನ್ನಾಗಿ ಕತ್ತರಿಸೋದು ಇದನ್ನು, ಮತ್ತೆ ಹಳೇ ಬೈಕುಗಳ ಕೀಗಳನ್ನು. ಆದರೆ ನಮ್ಮ ಮನೆ, ಗೋಡೌನುಗಳಲ್ಲಿ ಇಂದಿಗೂ ತೂಗ್ತಾ ಇರೋ ಎಷ್ಟೋ ಬೀಗಗಳು ಲಿವರ್ ಬೀಗಗಳು. ಅಲೀಗಢದಿಂದ ಬಂದವು ಇರಬಹುದು, 2019ರಲ್ಲಿ ಭೌಗೋಳಿಕ ಗುರುತು ಪಡೆದ ದಿಂಡಿಗಲ್ ಬೀಗದಂಥವು ಇರಬಹುದು. ಲಿವರ್ ಕೀಯ ಕಚ್ಚುಗಳು ಬೆಟ್ಟದಂತಿರಲ್ಲ, ಗೋಡೆಯಲ್ಲಿ ಕೊರೆದ ಚೌಕ ಗೂಡಿನಂತೆ ನೇರವಾಗಿರುತ್ತವೆ. 'ವಿ' ಆಕಾರದ ಕಟರ್ ಅದಕ್ಕೆ ಒಗ್ಗಲ್ಲ, ತೆಳ್ಳಗಿನ ಬೇರೆ ಕಟರ್ ಬೇಕು, ಇಲ್ಲವೇ ಚಪ್ಪಟೆ ಅರ ಬೇಕು. ಉಕ್ಕಿನ ಕೀಗಳು ಇನ್ನೊಂದು ಕಷ್ಟ. ಹಿತ್ತಾಳೆಗೆ ಅಂತ ಮಾಡಿದ ಕಟರ್‌ಗೆ ಉಕ್ಕು ಕೊಟ್ಟರೆ ಅದರ ಹಲ್ಲು ಬೇಗ ಮೊಂಡಾಗುತ್ತೆ. ಹಾಗಾಗಿ ಯಂತ್ರ ಕೊಳ್ಳೋ ಮೊದಲು ಆ ಅಣ್ಣ ಮಾಡಬೇಕಾದ ಕೆಲಸ ಒಂದಿದೆ. ಒಂದು ತಿಂಗಳು ಊರಿನಲ್ಲಿ ಕಣ್ಣಿಗೆ ಬಿದ್ದ ಬೀಗಗಳನ್ನೆಲ್ಲ ಒಂದು ಪುಸ್ತಕದಲ್ಲಿ ಗುರುತು ಹಾಕಿಕೊಳ್ಳಲಿ: ಪಿನ್ ಎಷ್ಟು, ಲಿವರ್ ಎಷ್ಟು, ಬೈಕ್ ಎಷ್ಟು. ಆ ಪಟ್ಟಿ ಯಂತ್ರ ಮಾರುವವನ ಮಾತಿಗಿಂತ ನಂಬಿಕಸ್ಥ.

ಸರಿ, ಕೈ ಪಳಗಿದೆ, ಪಟ್ಟಿಯೂ ಆಯ್ತು ಅಂದುಕೊಳ್ಳೋಣ. ಹಳೇ ಯಂತ್ರ ನೋಡೋಕೆ ಹೋದಾಗ ಏನು ನೋಡಬೇಕು? ಇಲ್ಲಿ ನಮ್ಮ ಓದು ಸ್ವಲ್ಪ ಉಪಯೋಗಕ್ಕೆ ಬರುತ್ತೆ.

ಒಂದು, ಪ್ಲಗ್ ತೆಗೆದು ಕಟರನ್ನು ಬೆರಳಲ್ಲಿ ಹಿಡಿದು ಅಲ್ಲಾಡಿಸಿ. ಮೇಲೆ ಕೆಳಗೆ, ಆಚೆ ಈಚೆ ಸ್ವಲ್ಪವೂ ಆಡಬಾರದು. ಆಡಿದರೆ ಬೇರಿಂಗ್ ಹೋಗಿದೆ ಅಂತ ಅರ್ಥ. ಬೇರಿಂಗ್ ಬದಲಾಯಿಸಬಹುದು, ಆದರೆ ಆ ಖರ್ಚನ್ನು ಬೆಲೆಯಲ್ಲಿ ಮುರಿದುಕೊಳ್ಳಬೇಕು.

ಎರಡು, ವೈಸಿನ ತುಟಿ ನೋಡಿ. ಸಾವಿರಾರು ಕೀ ಕಚ್ಚಿ ಕಚ್ಚಿ ಅದರ ಅಂಚು ದುಂಡಗಾಗಿರುತ್ತೆ. ಕೀ ಹಾಕಿ ಬಿಗಿ ಮಾಡಿ, ಎಳೆದು ನೋಡಿ. ವಾಲಿದರೂ, ಜಾರಿದರೂ ಆ ವೈಸಿಗೆ ಬದಲಿ ಸಿಗುತ್ತಾ ಅಂತ ಮೊದಲು ವಿಚಾರಿಸಿ. ನಮ್ಮ ಪ್ರಕಾರ ಹಳೇ ಯಂತ್ರದಲ್ಲಿ ಮುಖ್ಯವಾಗಿ ನೋಡಬೇಕಾದ್ದು ಮೋಟರನ್ನಲ್ಲ, ಈ ತುಟಿಯನ್ನು.

ಮೂರು, ಎರಡೂ ವೈಸಿಗೆ ಒಂದೇ ಥರದ ಎರಡು ಬ್ಲ್ಯಾಂಕ್ ಹಾಕಿ. ಮೊನೆ ಒಂದನ್ನು ಮುಟ್ಟಿದ ಕ್ಷಣದಲ್ಲೇ ಕಟರ್ ಇನ್ನೊಂದನ್ನು ಮುಟ್ಟಬೇಕು. ಮುಟ್ಟದಿದ್ದರೆ ಹೊಂದಿಸೋ ತಿರುಪು ಇರುತ್ತೆ. ಆ ತಿರುಪು ತಿರುಗುತ್ತಾ, ತುಕ್ಕು ಹಿಡಿದು ಕೂತಿದೆಯಾ ಅಂತ ನೋಡಿ.

ನಾಲ್ಕು, ಕಟರಿನ ಹೊರ ಅಳತೆ, ತೂತಿನ ಅಳತೆ, ದಪ್ಪ ಬರೆದುಕೊಂಡು ದಾವಣಗೆರೆಯಲ್ಲೋ ಶಿವಮೊಗ್ಗದಲ್ಲೋ ಅದೇ ಅಳತೆಯದು ಸಿಗುತ್ತಾ ಅಂತ ಕೇಳಿ. ಕಟರ್ ಸಿಗದ ಯಂತ್ರ ಅಂದರೆ ಗುಜರಿ.

ಐದನೇದು ನಕಲಿನ ನಕಲು ಪರೀಕ್ಷೆ. ಇದನ್ನು ಬಿಡಲೇಬೇಡಿ. ಅಸಲು ಕೀಯಿಂದ ಒಂದು ನಕಲು ತೆಗೀರಿ, ಆ ನಕಲಿನಿಂದ ಇನ್ನೊಂದು, ಅದರಿಂದ ಮತ್ತೊಂದು. ಮೂರನೆಯದು ಬೀಗ ತೆಗೆದರೆ ಯಂತ್ರ ಗಟ್ಟಿ. ಯಾಕೆ ಮೂರು? ಶ್ಲೇಗ್ ಅನ್ನೋ ಅಮೆರಿಕದ ಪ್ರಸಿದ್ಧ ಬೀಗದ ಕೀಯಲ್ಲಿ ಒಂದು ಆಳಕ್ಕೂ ಮುಂದಿನ ಆಳಕ್ಕೂ ವ್ಯತ್ಯಾಸ 0.015 ಇಂಚು, ಅಂದರೆ ಸುಮಾರು 0.38 ಮಿಲಿಮೀಟರ್. ಯಂತ್ರ ಪ್ರತಿ ನಕಲಿನಲ್ಲೂ ಒಂದೇ ಕಡೆಗೆ 0.1 ಮಿಲಿಮೀಟರ್ ತಪ್ಪಿದರೆ ಮೊದಲ ನಕಲು ಹೇಗೋ ತೆಗೆದುಬಿಡಬಹುದು. ಮೂರನೇದಕ್ಕೆ ತಪ್ಪು 0.3 ಆಗಿ, ಹೆಚ್ಚುಕಡಿಮೆ ಪಕ್ಕದ ಆಳಕ್ಕೇ ಬಂದು ನಿಂತಿರುತ್ತೆ. ಅಂಗಡಿಯಲ್ಲಿ "ನೋಡಿ, ತೆಗೀತು" ಅಂತ ಒಂದು ಕೀ ತೋರಿಸಿದರೆ ಮರುಳಾಗಬೇಡಿ. ಊರಲ್ಲಿ ಗಿರಾಕಿ ತರೋ ಕೀ ಎಷ್ಟೋ ಸಲ ಆಗಲೇ ನಕಲೇ ಆಗಿರುತ್ತೆ.

ಇನ್ನು ಲೆಕ್ಕ. ಯಂತ್ರಕ್ಕೆ 12,000, ಬ್ಲ್ಯಾಂಕು, ಇನ್ನೊಂದು ಕಟರು, ಅರಗಳು, ಕಣ್ಣಿಗೆ ಕನ್ನಡಕ ಎಲ್ಲ ಸೇರಿ 5,000 ಅಂತಿಟ್ಟುಕೊಳ್ಳೋಣ. ಒಟ್ಟು 17,000. ಒಂದು ನಕಲಿಗೆ ಖರ್ಚೆಲ್ಲ ಕಳೆದು 40 ರೂಪಾಯಿ ಉಳಿದರೆ, ಹಾಕಿದ ದುಡ್ಡು ವಾಪಸ್ ಬರೋಕೆ 425 ಕೀ ಕತ್ತರಿಸಬೇಕು. ತಿಂಗಳಿಗೆ 25 ದಿನ, ದಿನಕ್ಕೆ ಮೂರು ಕೀ ಸಿಕ್ಕರೆ ಆರು ತಿಂಗಳೊಳಗೆ ಮುಗಿಯುತ್ತೆ. ದಿನಕ್ಕೆ ಒಂದೇ ಆದರೆ 17 ತಿಂಗಳು. ಇದರಲ್ಲಿ ಅಂಗಡಿ ಬಾಡಿಗೆ ಸೇರಿಲ್ಲ. ಅದೇ ಕೀ ಕಳಕೊಂಡವರ ಮನೆಗೆ ಹೋಗಿ ಬೀಗ ತೆಗೆದು ಹೊಸ ಕೀ ಮಾಡಿಕೊಟ್ಟು 240 ರೂಪಾಯಿ ಉಳಿಸಿಕೊಂಡರೆ, ಆ ಒಂದು ಕೆಲಸ ಆರು ನಕಲಿಗೆ ಸಮ. ಇವು ನಾವು ಇಟ್ಟುಕೊಂಡ ಅಂಕಿಗಳು, ನಿಮ್ಮೂರಿನ ದರ ಹಾಕಿ ನೀವೇ ಲೆಕ್ಕ ಮಾಡಿ. ಅಂಕಿ ಬದಲಾದರೂ ಪಾಠ ಹೆಚ್ಚೇನೂ ಬದಲಾಗಲ್ಲ ಅನ್ನೋದು ನಮ್ಮ ನಂಬಿಕೆ.

ದಿನಕ್ಕೆ ಮೂರು ಕೀ ಸಿಗೋದು ಎಲ್ಲಿ? ನಮ್ಮ ನಾಲ್ಕೂ ಊರು ಒಂದೇ ಥರ ಅಲ್ಲ. 1997ರಲ್ಲಿ ದಾವಣಗೆರೆ ಜಿಲ್ಲೆ ಆದಾಗ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗ ಜಿಲ್ಲೆಯಿಂದ ಬಂದವು, ಜಗಳೂರು ಚಿತ್ರದುರ್ಗದಿಂದ ಬಂತು. ಜಿಲ್ಲೆ ಬದಲಾದರೂ ಬಸ್ಸಿನ ಅಭ್ಯಾಸ ಬದಲಾಗಿಲ್ಲ. ಹೊನ್ನಾಳಿ, ನ್ಯಾಮತಿಯವರು ಇವತ್ತಿಗೂ ಸಾಮಾನಿಗೆ ಶಿವಮೊಗ್ಗಕ್ಕೆ ಹೋಗ್ತಾರೆ. ಕೀ ನಕಲನ್ನೂ ಅಲ್ಲೇ ಮಾಡಿಸಿಕೊಂಡು ಬರ್ತಾರೆ. ಹಾಗಾಗಿ ನ್ಯಾಮತಿಯ ಯಂತ್ರಕ್ಕೆ ಶಿವಮೊಗ್ಗದ ಅಂಗಡಿಗಳೇ ಪೈಪೋಟಿ. ಆದರೆ ಶಿವಮೊಗ್ಗದ ಅಂಗಡಿ ನ್ಯಾಮತಿಯ ಬೀರುವಿನ ಹತ್ತಿರ ಬರೋದಿಲ್ಲ! ಜೊತೆಗೆ 2017ರ ರಾಜ್ಯ ಬಜೆಟ್‌ನಲ್ಲಿ ಘೋಷಣೆಯಾದ ಹೊಸ ತಾಲ್ಲೂಕುಗಳಲ್ಲಿ ನ್ಯಾಮತಿಯೂ ಒಂದು. ತಾಲ್ಲೂಕು ಕೇಂದ್ರ ಆದ ಮೇಲೆ ಕಚೇರಿ, ಬಾಡಿಗೆ ಮನೆ, ಅಂಗಡಿ ಹೆಚ್ಚೋದು ಸಹಜ. ಬಾಡಿಗೆ ಮನೆ ಅಂದರೆ ಎರಡು ಮೂರು ಕೀ.

ಚನ್ನಗಿರಿ ಅಡಿಕೆಯ ಊರು. ಅಡಿಕೆ ಇರೋ ಕಡೆ ಗೋಡೌನು, ಗೋಡೌನು ಇರೋ ಕಡೆ ದೊಡ್ಡ ಬೀಗ. ನಾಲ್ಕರಲ್ಲಿ ಯಂತ್ರಕ್ಕೆ ಬೇಗ ಕೆಲಸ ಸಿಗಬಹುದಾದ ಊರು ಇದೇ ಅಂತ ನಮಗನ್ನಿಸುತ್ತೆ. ಹೊನ್ನಾಳಿ ತುಂಗಭದ್ರೆಯ ದಡದ ಊರು, ಸುತ್ತ ನೀರಾವರಿ ಗದ್ದೆಗಳು. ಪಂಪ್‌ಸೆಟ್ ಮನೆಗಳ ಬೀಗ ತುಕ್ಕು ಹಿಡಿಯೋದು ಜಾಸ್ತಿ, ಅಲ್ಲಿ ರಿಪೇರಿಯೇ ದೊಡ್ಡ ಕೆಲಸ. ಜಗಳೂರು ಮಳೆ ನಂಬಿದ ಬಯಲುಸೀಮೆ. ಸುಗ್ಗಿ ಚೆನ್ನಾಗಿ ಆದ ವರ್ಷ ಒಂದು ಲೆಕ್ಕ, ಬರ ಬಂದ ವರ್ಷ ಇನ್ನೊಂದು. ಅಲ್ಲಿ ಒಂದೇ ಕಡೆ ಯಂತ್ರ ಇಟ್ಟುಕೊಂಡು ಕೂರೋದಕ್ಕಿಂತ, ಅರ ಮತ್ತು ಬ್ಲ್ಯಾಂಕಿನ ಪೆಟ್ಟಿಗೆ ಬೈಕಿಗೆ ಕಟ್ಟಿಕೊಂಡು ಸಂತೆಯಿಂದ ಸಂತೆಗೆ ಹೋಗೋದು ಜಾಣತನ.

ದುಡ್ಡಿನ ದಾರಿ? ಸಾಲ ಅಂದ ತಕ್ಷಣ ಕೈಸಾಲ, ಬಡ್ಡಿ ಸಾಲ ನೆನಪಾಗುತ್ತೆ. ಆದರೆ ಕೇಂದ್ರ ಸರ್ಕಾರ 2023ರ ಸೆಪ್ಟೆಂಬರ್ 17ರಂದು ಶುರು ಮಾಡಿದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳ ಪಟ್ಟಿಯಲ್ಲಿ ಬಡಗಿ, ಕಮ್ಮಾರ, ಕುಂಬಾರರ ಜೊತೆ ಬೀಗ ಮಾಡುವವರೂ ಇದ್ದಾರೆ ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ. ಅದರಲ್ಲಿ ತರಬೇತಿ ಇದೆ, ತರಬೇತಿಯ ದಿನಗಳಿಗೆ 500 ರೂಪಾಯಿ ಭತ್ಯೆ ಇದೆ, ಉಪಕರಣಕ್ಕೆ 15,000 ರೂಪಾಯಿವರೆಗೆ ಇ-ವೋಚರ್ ಇದೆ. ಅಡಮಾನ ಇಲ್ಲದೆ ಮೊದಲು 1 ಲಕ್ಷ, ಅದನ್ನು ತೀರಿಸಿದ ಮೇಲೆ 2 ಲಕ್ಷದವರೆಗೆ ಸಾಲ ಇದೆ, ಬಡ್ಡಿ ಶೇಕಡ 5. ಅರ್ಜಿಯನ್ನು ಸಾಮಾನ್ಯ ಸೇವಾ ಕೇಂದ್ರದಲ್ಲಿ ಹಾಕಬೇಕು, ಪಂಚಾಯಿತಿ ಅಥವಾ ಪಟ್ಟಣದ ಸ್ಥಳೀಯ ಸಂಸ್ಥೆಯಿಂದ ಪರಿಶೀಲನೆ ಶುರುವಾಗುತ್ತೆ. ಒಂದು ಕುಟುಂಬದಲ್ಲಿ ಒಬ್ಬರಿಗೆ ಮಾತ್ರ, ಸರ್ಕಾರಿ ನೌಕರಿ ಇರೋ ಮನೆಯವರಿಗೆ ಇಲ್ಲ.

ಇಲ್ಲೂ ಅದೇ ಮಾತು ಬರುತ್ತೆ ನೋಡಿ. ಯೋಜನೆ ಇರೋದು ಕೈಯಿಂದ, ಉಪಕರಣದಿಂದ ಕೆಲಸ ಮಾಡುವ ಕಸುಬುದಾರರಿಗೆ. ಕಸುಬು ಮೊದಲು ಇರಬೇಕು, ಯೋಜನೆ ಆಮೇಲೆ. ವೋಚರು ಹಳೇ ಯಂತ್ರ ಮಾರುವವರ ಕೈಗೆ ಕೊಡೋ ನೋಟಲ್ಲ ಅನ್ನೋದೂ ನೆನಪಿರಲಿ. ನಮ್ಮ ಸಲಹೆ: ಹಳೇ ಯಂತ್ರಕ್ಕೆ ಮುಂಗಡ ಕೊಡೋ ಮೊದಲು ಸೇವಾ ಕೇಂದ್ರಕ್ಕೆ ಒಂದು ಸಲ ಹೋಗಿ ಬನ್ನಿ. 17,000ಕ್ಕೆ ಬಡ್ಡಿ ಸಾಲ ಮಾತ್ರ ಬೇಡ.

"ಇನ್ನು ಹತ್ತು ವರ್ಷಕ್ಕೆ ಕೀಯೇ ಇರಲ್ಲ, ಈ ಕಸುಬು ಯಾಕೆ?" ಅಂತ ನಮ್ಮಲ್ಲೇ ಕೆಲವರು ಕೇಳಿದರು. ತೆಗೆದುಹಾಕೋ ಮಾತಲ್ಲ. 2021ರಲ್ಲಿ ಬಂದ ಓಲಾ ಎಸ್1 ಸ್ಕೂಟರ್‌ಗೆ ಲೋಹದ ಕೀ ಇರಲಿಲ್ಲ, 2023ರ ಜನವರಿಯಲ್ಲಿ ಹೋಂಡಾ ಆ್ಯಕ್ಟಿವಾದ ಸ್ಮಾರ್ಟ್ ಕೀ ಮಾದರಿ ಬಂತು. ಕಾರುಗಳ ಕೀಯೊಳಗೆ ಚಿಪ್ ಇರುತ್ತೆ, ಲೋಹ ಸರಿಯಾಗಿ ಕತ್ತರಿಸಿದರೂ ಚಿಪ್ಪಿನ ಗುರುತು ಹೊಂದದಿದ್ದರೆ ಇಂಜಿನ್ ಓಡಲ್ಲ. ಈ 12,000ದ ಯಂತ್ರಕ್ಕೆ ಅದ್ಯಾವುದೂ ಆಗಲ್ಲ. ಆದರೆ ಊರಿನಲ್ಲಿ ಇವತ್ತು ಓಡ್ತಾ ಇರೋ ಹಳೇ ಬೈಕುಗಳು, ಬೀರುಗಳು, ಶಟರುಗಳು ನಾಳೆ ಬೆಳಗ್ಗೆ ಮಾಯವಾಗಲ್ಲ. ವಸ್ತು ಹಳೇದಾದಷ್ಟೂ ಕೀ ಕಳೆಯೋದು ಜಾಸ್ತಿ. ಹೊಸ ದುಬಾರಿ ಯಂತ್ರಕ್ಕೆ ಲಕ್ಷಗಟ್ಟಲೆ ಸುರಿಯೋದು ಬೇಡ, ಹಳೇ ಸಾದಾ ಯಂತ್ರ ಸಾಕು ಅಂತ ನಾವು ಹೇಳೋದೂ ಇದಕ್ಕೇ. ಮಾರುಕಟ್ಟೆ ನಿಧಾನಕ್ಕೆ ಇಳಿಯೋ ಕಡೆ ಬಂಡವಾಳ ಚಿಕ್ಕದಿರಬೇಕು, ವಿದ್ಯೆ ದೊಡ್ಡದಿರಬೇಕು.

ಕೊನೆಗೆ ನಂಬಿಕೆಯ ಮಾತು. 2024ರ ಅಕ್ಟೋಬರ್‌ನಲ್ಲಿ ನ್ಯಾಮತಿಯ ಎಸ್‌ಬಿಐ ಶಾಖೆಯಿಂದ 17 ಕಿಲೋಗೂ ಹೆಚ್ಚು ಅಡವಿಟ್ಟ ಚಿನ್ನ ಕಳವಾಗಿದ್ದು ನಮಗೆಲ್ಲ ನೆನಪಿದೆ. ತಿಂಗಳುಗಟ್ಟಲೆ ಊರು ಒಬ್ಬರ ಮುಖ ಒಬ್ಬರು ನೋಡುವ ಹಾಗಾಗಿತ್ತು. 2025ರ ಮಾರ್ಚ್ ಕೊನೆಗೆ ಪೊಲೀಸರು ಅದನ್ನು ಭೇದಿಸಿದಾಗ ಗೊತ್ತಾಯ್ತು: ಅವರು ಬಂದದ್ದು ಕಿಟಕಿಯ ಸರಳು ಕಿತ್ತು, ಲಾಕರ್ ತೆಗೆದದ್ದು ಗ್ಯಾಸ್ ಕಟರ್‌ನಿಂದ. ಕಳ್ಳರಿಗೆ ಕೀ ಬೇಕಾಗಿರಲಿಲ್ಲ. ಆದರೂ ಅಂಥ ಊರಿನಲ್ಲಿ ಬೀಗ ತೆಗೆಯೋ ವಿದ್ಯೆ ಕಲಿತು ಬೋರ್ಡ್ ಹಾಕುವವರ ಮೇಲೆ ಒಂದು ಭಾರ ಇರುತ್ತೆ. ಯಾರಾದರೂ ಸೋಪಿನ ಮೇಲೆ ಒತ್ತಿದ ಅಚ್ಚು ತಂದು ಕೀ ಮಾಡಿಕೊಡಿ ಅಂದರೆ ಆಗಲ್ಲ ಅನ್ನೋ ಗಟ್ಟಿತನ ಬೇಕು. ಬೀಗ ತೆಗೆಯೋಕೆ ಕರೆದರೆ ಮನೆ ಯಾರದು ಅಂತ ಅಕ್ಕಪಕ್ಕ ಕೇಳಿ, ಹೆಸರು, ಫೋನ್ ನಂಬರು, ತಾರೀಕು ಪುಸ್ತಕದಲ್ಲಿ ಬರೆದುಕೊಳ್ಳಬೇಕು. ಬೈಕ್ ಆದರೆ ಆರ್‌ಸಿ ನೋಡಬೇಕು. ಆ ಪುಸ್ತಕದ ಬೆಲೆ 50 ರೂಪಾಯಿ, ಯಂತ್ರಕ್ಕಿಂತ ಮೊದಲು ಅದನ್ನು ಕೊಳ್ಳಲಿ. ಸಣ್ಣ ಊರಿನಲ್ಲಿ ಬೀಗದವನ ಹೆಸರು ಒಮ್ಮೆ ಕೆಟ್ಟರೆ ಯಾವ ಕಟರ್‌ನಿಂದಲೂ ಸರಿ ಮಾಡೋಕೆ ಆಗಲ್ಲ.

ಹಾಗಾದರೆ ನಾವು, ಓದ್ತಾ ಇರೋರು, ಏನು ಮಾಡಬಹುದು? ಮೊದಲ ವರ್ಷದ ವರ್ಕ್‌ಶಾಪಿನಲ್ಲಿ ನಾವೆಲ್ಲ 'ವಿ' ಫಿಟ್ಟಿಂಗ್ ಮಾಡೋಕೆ ಬೆವರು ಸುರಿಸಿದವರೇ. ಎರಡು ತಗಡು ಬೆಳಕು ನುಸುಳದ ಹಾಗೆ ಕೂರಿಸೋದು ಎಷ್ಟು ಕಷ್ಟ ಅಂತ ನಮ್ಮ ಅಂಗೈಗೆ ಗೊತ್ತು. ಅದೇ ಕೆಲಸವನ್ನು ಗಿರಾಕಿ ಎದುರು ನಿಂತಿರುವಾಗ, ಕಣ್ಣಿಗೆ ಕಾಣದ ಬೀಗದೊಳಗೆ ಮಾಡುವವರನ್ನು 'ಬರೀ ಬೀಗ ರಿಪೇರಿಯವರು' ಅನ್ನೋಕೆ ನಮಗೆ ಬಾಯಿ ಬರಬಾರದು. ಐಟಿಐ ಫಿಟ್ಟರ್ ಮಾಡಿ ಕೆಲಸ ಹುಡುಕ್ತಾ ಇರೋ ಗೆಳೆಯರು ನಮ್ಮ ಊರುಗಳಲ್ಲಿ ಇದ್ದಾರೆ, ಅವರ ಕೈಗೆ ಅರ ಹೊಸದಲ್ಲ. ಅವರಿಗೆ ಈ ದಾರಿ ಹೇಳಬಹುದು. ಯಂತ್ರ ನೋಡೋಕೆ ಹೋಗುವಾಗ ಒಂದು ವರ್ನಿಯರ್ ಹಿಡಿದು ಜೊತೆಗೆ ಹೋಗಬಹುದು. ಯೋಜನೆಯ ಅರ್ಜಿ ತುಂಬಿಕೊಡಬಹುದು. ನಮ್ಮ ಓದಿಗೆ ಊರು ಕೊಟ್ಟ ಖರ್ಚಿನಲ್ಲಿ ಅಷ್ಟಾದರೂ ತೀರಲಿ.

ನ್ಯಾಮತಿಯ ಅಣ್ಣನಿಗೆ ನಾವು ಹೇಳಿದ್ದು ಇಷ್ಟು. ಆರು ತಿಂಗಳು ಕೆಲಸ ಬಲ್ಲ ಯಾರಾದರೊಬ್ಬರ ಪಕ್ಕ ಕೂತು ಕಲೀರಿ, 2,000 ರೂಪಾಯಿ ಒಳಗೆ ಅರ, ಬ್ಲ್ಯಾಂಕು, ಒಂದು ಚಿಕ್ಕ ವೈಸ್ ತಗೊಳ್ಳಿ. ಅಸಲು ಇಲ್ಲದ ಇಪ್ಪತ್ತು ಬೀಗಕ್ಕೆ ಕೀ ಮಾಡಿ. ಇಪ್ಪತ್ತೊಂದನೇ ಗಿರಾಕಿ ಬಂದು "ಇದರದ್ದೇ ಇನ್ನೊಂದು ಬೇಕು" ಅಂದಾಗ, ಕೈ ನೋಯ್ತಾ ಇದೆ ಅನ್ನಿಸಿದಾಗ, ಯಂತ್ರ ನೋಡೋಣ. ಈ ಯಂತ್ರ ಅಷ್ಟು ಹೊತ್ತಿಗೆ ಬೇರೆಯವರ ಪಾಲಾಗಿದ್ದರೆ ಆಗಲಿ, ಹಳೇ ಯಂತ್ರಗಳು ಮತ್ತೆ ಬರ್ತವೆ. ಕಲಿಯದೆ ಕೊಂಡವರು ಮಾರ್ತಾನೇ ಇರ್ತಾರೆ.